ಸಿಮೆಂಟು ಆರುವ ಮೊದಲು

ಅಂದು ಬೆಳಿಗ್ಗೆ ಅಲೋಯಿಸ್ ಮೇಷ್ಟರು ಮೊಸಳೆಯ ಉದ್ದ ಕೇಳಲು ಹೋಗದೆ ಇದ್ದಿದ್ದರೆ ಯಾವ ರಗಳೆಯೂ ಆಗುತ್ತಿರಲಿಲ್ಲ. ಕಲ್ಲು ತನ್ನ ಪಾಡಿಗೆ ನಿಲ್ಲುತ್ತಿತ್ತು, ಊರು ತನ್ನ ಪಾಡಿಗೆ ಇರುತ್ತಿತ್ತು, ಮೇಷ್ಟರ ಮಾನವೂ ಇದ್ದಲ್ಲೇ ಇರುತ್ತಿತ್ತು. ಆದರೆ ಕೆಲವರಿಗೆ ಒಂದು ಚಟ. ಯಾರಾದರೂ ದೊಡ್ಡ ಮೊಸಳೆ ಎಂದರೆ ಸಾಕು, ಎಷ್ಟು ಮಾರು ಎಂದು ಕೇಳದೆ ಅವರಿಗೆ ತಿಂದದ್ದು ಜೀರ್ಣವಾಗುವುದಿಲ್ಲ.

ಗವೂಲಿ ಎಂಬುದು ಆಸ್ಟ್ರೇಲಿಯಾದ ಉತ್ತರಕ್ಕಿರುವ ನ್ಯೂ ಬ್ರಿಟನ್ ದ್ವೀಪದ ಬಡಗಣ ಕರಾವಳಿಯ ನಲವತ್ತು ಮನೆಗಳ ಊರು. ಜಪಾನಿನವರ ಯುದ್ಧ ನಡೆದು ಐವತ್ತು ವರ್ಷವಾಗಿತ್ತು. ಆ ಯುದ್ಧದಲ್ಲಿ ಊರಿಗೆ ಒಬ್ಬ ಬೇಹುಗಾರನಿದ್ದ, ಕೋಸ್ಮಸ್ ತಾತ. ನದಿ ಬಾಯಲ್ಲಿದ್ದ ಜಪಾನಿ ಶಿಬಿರಕ್ಕೆ ಎಷ್ಟು ದೋಣಿ ಬಂದವು, ಎಷ್ಟು ಹೋದವು ಎಂಬ ಸುದ್ದಿಯನ್ನು ಬೆಟ್ಟದ ಮೇಲೆ ರೇಡಿಯೋ ಇಟ್ಟುಕೊಂಡು ಅಡಗಿದ್ದ ಆಸ್ಟ್ರೇಲಿಯಾದ ದೊರೆಗೆ ಮುಟ್ಟಿಸಿದವನು. ಪಪ್ಪಾಯಿ ದಂಟಿನಲ್ಲಿ ಉಸಿರಾಡುತ್ತಾ ದೋಣಿಗಳ ಅಡಿಯಲ್ಲೇ ಈಜಿ ಎಣಿಸಿದನಂತೆ. ಅಡ್ಡ ಬಂದ ಮೊಸಳೆಯ ಬಾಯಿಯನ್ನು ತನ್ನ ಸೊಂಟದ ಬಟ್ಟೆಯಿಂದಲೇ ಕಟ್ಟಿದನಂತೆ. ಆಮೇಲೆ ಬರಿಮೈಯಲ್ಲೇ ಬೆಟ್ಟ ಹತ್ತಿದನಂತೆ. ಐವತ್ತು ವರ್ಷದಲ್ಲಿ ಪ್ರತಿಯೊಂದು ಮನೆಯೂ ಈ ಕತೆಯಲ್ಲಿ ಒಂದೊಂದು ಪಾಲು ಮಾಡಿಕೊಂಡಿತ್ತು. ಪಂಚಾಯ್ತಿ ಸದಸ್ಯ ಲೂಕಾಸನ ಲೆಕ್ಕದಲ್ಲಿ ಅಂದು ಮೊಸಳೆಯ ಬಾಲ ಹಿಡಿದಿದ್ದವನು ಅವನ ತಾತ.

ಐವತ್ತನೇ ವರ್ಷಕ್ಕೆ ಒಂದು ನೆನಪಿನ ಕಲ್ಲು ನಿಲ್ಲಿಸಬೇಕೆಂದು ಪಟ್ಟಣದ ಕಚೇರಿಯವರು ತೀರ್ಮಾನಿಸಿದರು. ಯುದ್ಧಕಾಲದ ಬೇಹುಗಾರರ ಸುತ್ತ ಕಟ್ಟುಕತೆ ವಿಪರೀತ ಬೆಳೆದಿದೆ, ಕತೆ ಎಷ್ಟು ನಿಜ ಎಷ್ಟು ಬೇರೆ ಮಾಡಿ ಒಂದು ಪುಟ ಬರೆದುಕೊಡಿ, ಕಲ್ಲಿನ ಮೇಲೆ ಬರೆಯುವ ಹೆಸರನ್ನೂ ಖಚಿತಪಡಿಸಿ ಎಂದು ಮೇಷ್ಟರಿಗೆ ಕಾಗದ ಬಂತು. ಊರಲ್ಲಿ ಚೆನ್ನಾಗಿ ಅಕ್ಷರ ಬರೆಯುವವರು ಅವರೊಬ್ಬರೇ. ಮೇಷ್ಟರು ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ 'ಕತೆ', ಬಲಕ್ಕೆ 'ನಿಜ' ಎಂದು ಬರೆದರು. ಒಂದು ತಿಂಗಳಲ್ಲಿ ಎಡಗಡೆ ತುಂಬಿ ಹಾಳೆಯ ಹಿಂಬದಿಗೂ ಹೋಯಿತು. ಬಲಗಡೆಯಲ್ಲಿ ಇದ್ದದ್ದು ಒಂದೇ ಸಾಲು: 'ಕೋಸ್ಮಸ್ ಬದುಕಿದ್ದಾನೆ.'

ಕಲ್ಲು ಕಟ್ಟಲು ಪಟ್ಟಣದಿಂದ ಕೌಪಾ ಎಂಬ ಗಾರೆಯವನು ಒಂದು ಚೀಲ ಸಿಮೆಂಟಿನೊಡನೆ ಬಂದಿಳಿದು ಎರಡು ದಿನವಾಗಿತ್ತು. ಅವನು ಮೇಲ್ನಾಡಿನ ಗುಡ್ಡಗಳವನು, ಸಮುದ್ರ ಕಂಡರೆ ಬೆದರುವವನು, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕಂಬ ಎದ್ದು ನಿಂತಿತ್ತು. ಅದರ ಮುಖಕ್ಕೆ ಇಂದು ಮಧ್ಯಾಹ್ನ ಸಿಮೆಂಟು ಬಳಿದು, ಹಸಿಯಿರುವಾಗಲೇ ಮೊಳೆಯಿಂದ ಒಂದು ಹೆಸರು ಕೊರೆದು, ಅವನು ನಾಲ್ಕು ಗಂಟೆಯ ದೋಣಿಗೆ ಹೊರಟುಬಿಡಬೇಕು. ನಾಳೆ ಬೆಳಿಗ್ಗೆ ಅತಿಥಿಗಳು ಬರುತ್ತಾರೆ.

ಹೀಗಿರುವಾಗ ಮೇಷ್ಟರು ಪೆನ್ಸಿಲ್ ಹಿಡಿದು ಕೋಸ್ಮಸ್ ತಾತನ ಜಗಲಿ ಹತ್ತಿದರು. ತಾತ ಅವರ ಹೆಂಡತಿಯ ತಾತ, ಅಂದರೆ ಅತ್ತೆಯ ಅಪ್ಪ. ಅಡಿಕೆಗೆ ಸುಣ್ಣ ಹಚ್ಚಿಕೊಂಡು ಜಗಿಯುತ್ತಾ ಕೂತಿದ್ದ.

"ತಾತ, ಬಲಗಡೆ ಒಂದಾದ್ರೂ ಅಂಕಿ ಇರ್ಲಿ. ಮೊಸಳೆ ಎಷ್ಟು ಮಾರು ಇತ್ತು?"

ತಾತ ಜಗಿಯುವುದನ್ನು ನಿಲ್ಲಿಸಿದ. ಅಂಗಳದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡ.

"ಮೊಸಳೆ ಇರ್ಲಿಲ್ಲ ಕಣೋ."

ಮೇಷ್ಟರು ಪೆನ್ಸಿಲ್ ಕೆಳಗಿಟ್ಟರು.

"ನಂಗೆ ಈಜೂ ಬರಲ್ಲ," ಎಂದ ತಾತ. "ಮೊಸಳೆ ಕಂಡಾಗಿಂದ ನೀರಿಗಿಳಿಯಲ್ಲ ಅಂತ ಆಣೆ ಮಾಡಿದೀನಿ ಅಂತಾರಲ್ಲ, ಅದನ್ನ ಊರವರೇ ಹೇಳಿದ್ದು. ನಾನೂ ಹೂಂ ಅಂದೆ. ಮಾನ ಉಳೀತು."

ಆಮೇಲೆ ತಾತ ಹೇಳಿದ್ದನ್ನು ಕೇಳಿ ಮೇಷ್ಟರ ಕಾಲಡಿಯ ಬಿದಿರಿನ ಜಗಲಿ ಅಲುಗಿದ ಹಾಗಾಯಿತು. ದೋಣಿ ಎಣಿಸಿದವನು ಅವನಲ್ಲ. ಎಣಿಸಿದವರು ಅವನ ಹೆಂಡತಿಯನ್ನು ಹೆತ್ತವರು, ಅವನ ಅತ್ತೆ. ಆಕೆ ದಿನವೂ ಶಿಬಿರಕ್ಕೆ ಸೌತೆಕಾಯಿ, ಕೆಸುವಿನ ಗೆಡ್ಡೆ ಮಾರಲು ಹೋಗುತ್ತಿದ್ದರು. ಮಾರಿದ ಮೇಲೆ ಅಲ್ಲೇ ಮರದಡಿ ಕೂತು ತೆಂಗಿನ ಗರಿಯ ಬುಟ್ಟಿ ಹೆಣೆಯುತ್ತಿದ್ದರು. ಮುದುಕಿ ಬುಟ್ಟಿ ಹೆಣೆದರೆ ಯಾರಿಗೆ ಏನು. ಒಂದು ದೋಣಿ ಬಂದರೆ ಒಂದು ಗರಿಯನ್ನು ಹೆಣೆಯದೆ ಬಿಡುವುದು, ಒಂದು ಹೋದರೆ ಒಂದು ಗರಿಗೆ ಗಂಟು. ಸಂಜೆ ಆ ಬುಟ್ಟಿ ಅಳಿಯನ ಮನೆಯ ಕಂಬಕ್ಕೆ ಬಂದು ತೂಗುತ್ತಿತ್ತು. ಹೆಂಡತಿ ಬಿಡಿಸಿ ಹೇಳಿದ ಲೆಕ್ಕದೊಡನೆ ಅಳಿಯ ಅದನ್ನು ಹೊತ್ತು ಬೆಟ್ಟ ಹತ್ತುತ್ತಿದ್ದ. ಇಷ್ಟೇ ನಡೆದದ್ದು.

ಇಬ್ಬರ ನಡುವೆ ಒಂದೇ ಒಂದು ಮಾತು ಆದದ್ದಿಲ್ಲ. ಗವೂಲಿಯಲ್ಲಿ ಅತ್ತೆ ಅಳಿಯ ಮುಖ ಎತ್ತಿ ಒಬ್ಬರನ್ನೊಬ್ಬರು ನೋಡುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ, ಹೆಸರನ್ನಂತೂ ನಾಲಿಗೆಗೆ ತರುವುದಿಲ್ಲ. ಗಂಡನ ಹೆಸರು ಹೇಳದ ಅಜ್ಜಿಯರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆ ಜಪಾನಿ ಅಧಿಕಾರಿಗೆ ಅನುಮಾನ ಬಂದು ಇಬ್ಬರನ್ನೂ ಎದುರಾಬದುರು ನಿಲ್ಲಿಸಿದನಂತೆ. ಈ ಹೆಂಗಸು ನಿನಗೇನಾಗಬೇಕು ಎಂದು ಕೇಳಿದರೆ ಕೋಸ್ಮಸ್ ಮುಖ ಅತ್ತ ತಿರುಗಿಸಿದ. ಈ ಗಂಡಸು ಯಾರು ಎಂದು ಕೇಳಿದರೆ ಆಕೆ ಮುಖ ಇತ್ತ ತಿರುಗಿಸಿ ಬಟ್ಟೆ ಹೊದ್ದುಕೊಂಡರು. ಇವರಿಬ್ಬರೂ ಹುಟ್ಟು ಶತ್ರುಗಳೇ ಇರಬೇಕು ಎಂದುಕೊಂಡು ಅವನು ಬಿಟ್ಟುಕಳಿಸಿದ. ಬೇಹುಗಾರಿಕೆಗೆ ಬೇಕಾದ ಶಿಸ್ತನ್ನು ದೊಡ್ಡ ದೊಡ್ಡ ದೇಶಗಳು ಶಾಲೆ ತೆರೆದು ಕಲಿಸುತ್ತವೆ. ಗವೂಲಿಯವರಿಗೆ ಅದು ಮದುವೆಯಾದರೆ ತಾನಾಗಿ ಬರುತ್ತದೆ.

"ದೊರೆ ಕೇಳ್ದ, ಇಷ್ಟು ಸರಿಯಾಗಿ ಎಣ್ಸಿದ್ದು ಯಾರು ಅಂತ," ಎಂದ ತಾತ. "ನಾನು ಹೆಂಗೆ ಹೇಳ್ಲಿ? ತಲೆ ತಗ್ಗಿಸ್ದೆ. ಹೇಳಕ್ಕಾಗಲ್ಲ ಸ್ವಾಮಿ ಅಂದೆ. ಅವನು ನಕ್ಕು ಬೆನ್ನು ತಟ್ಟಿ ನನ್ನ ಹೆಸರೇ ಬರ್ಕೊಂಡ. ಯುದ್ಧ ಮುಗಿದ ಮೇಲೆ ಪದಕ ಬಂತು. ಇನ್ನೂ ಅಲ್ಲೇ ಇದೆ ನೋಡು, ಸುಣ್ಣದ ಡಬ್ಬಿ ಪಕ್ಕ."

ಆಗಲೇ ಊರಿನವರಿಗೆ ಹೇಳಬಹುದಿತ್ತಲ್ಲ ಎಂದರು ಮೇಷ್ಟರು. ತಾತನ ಹೆಂಡತಿ ಆಗಲೇ ಹೇಳಿ ನೋಡಿದ್ದಳಂತೆ, ತನ್ನ ತವರಿನ ಹೆಗ್ಗಳಿಕೆಗೆ ಗಂಡನ ಪದಕ ಕಿತ್ತುಕೊಳ್ಳುತ್ತಾಳೆ ಎಂದು ಊರವರು ಅವಳನ್ನೇ ಆಡಿಕೊಂಡರಂತೆ. ಆಮೇಲೆ ಅವಳು ಮಕ್ಕಳ ಮುಂದೆಯೂ ಆ ಮಾತು ಎತ್ತಲಿಲ್ಲವಂತೆ. ಹೆಂಡತಿಯೂ ಹೋದಳು, ಅತ್ತೆಯೂ ಹೋದರು. ತಾತ ಮೇಷ್ಟರ ಮುಂಗೈ ಹಿಡಿದುಕೊಂಡ. ಒಣಗಿದ ಕೈ, ಆದರೆ ಹಿಡಿತ ಗಟ್ಟಿಯಾಗಿತ್ತು.

"ಐವತ್ತು ವರ್ಷ ಅವರ ಪಾಲಿನ ಮರ್ಯಾದೆ ನಾನು ಉಂಡೆ. ಅದು ಅರಗಲಿಲ್ಲ ಕಣಪ್ಪ. ನಾನು ಹೋಗೋ ಮೊದಲು ಕಲ್ಲಿನ ಮೇಲೆ ಅವರ ಹೆಸರು ಬರ್ಲಿ. ನನ್ನ ಹೆಸರು ಒಂದು ಅಕ್ಷರಾನೂ ಬೇಡ. ಕೋಸ್ಮಸ್‌ನ ಅತ್ತೆ ಅಂತಲೂ ಬೇಡ, ಮತ್ತೆ ಅವರನ್ನ ನನ್ನ ಬಾಲ ಮಾಡ್ಬೇಡ."

ಮೇಷ್ಟರು ತಾತನ ಕೈ ಒತ್ತಿದರು. ಮಾಡಿಸುತ್ತೇನೆ ತಾತ, ಇದು ನನ್ನ ಮಾತು ಎಂದರು. ಜಗಲಿಯ ಮೆಟ್ಟಿಲು ಇಳಿದು ಅರ್ಧ ಅಂಗಳ ದಾಟಿದ ಮೇಲೆ ಅವರು ಗಕ್ಕನೆ ನಿಂತರು.

ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ಊರ ಪದ್ಧತಿ. ದೋಣಿ ಎಣಿಸಿದ ಆ ಅಜ್ಜಿಯ ಹೆಸರನ್ನು ಇಟ್ಟದ್ದು ಕೋಸ್ಮಸ್ ತಾತನ ಮಗಳಿಗೆ. ಪಾಪ, ತಾತ ತನ್ನ ಸ್ವಂತ ಮಗಳನ್ನೇ ಹುಟ್ಟಿದಾಗಿನಿಂದ 'ಹಿರಿಯವಳೇ' ಎಂದು ಕರೆದನೇ ಹೊರತು ಒಂದು ದಿನ ಹೆಸರು ಹಿಡಿದು ಕರೆದವನಲ್ಲ. ಆ ಮಗಳೇ ಅಲೋಯಿಸ್ ಮೇಷ್ಟರ ಅತ್ತೆ. ಅಂದರೆ ಕಲ್ಲಿನ ಮೇಲೆ ಬರಬೇಕಾದ ಹೆಸರು ಜಗತ್ತಿನ ಎಲ್ಲ ಹೆಸರುಗಳಲ್ಲಿ ಮೇಷ್ಟರು ಹೇಳಲಾಗದ ಒಂದೇ ಒಂದು ಹೆಸರು.

ಹೇಳಿದರೆ ಒಂದು ಹಂದಿ ದಂಡ ತೆರಬೇಕು. ಅದಾದರೂ ಹೋಗಲಿ, ಅತ್ತೆ ನಾಚಿಕೆಯಿಂದ ಮನೆ ಬಿಟ್ಟು ತೋಟದ ಗುಡಿಸಲು ಸೇರುತ್ತಾರೆ, ತಿಂಗಳುಗಟ್ಟಲೆ ಬರುವುದಿಲ್ಲ. ಬರೆದರೂ ಅಷ್ಟೇ. ಹನ್ನೊಂದು ವರ್ಷದಿಂದ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಹುಡುಗಿಯರ ಮುಂದೆ ಮೇಷ್ಟರು ಒಂದು ಹೂವಿನ ಚಿತ್ರ ಬರೆದುಕೊಂಡು ಬಂದವರು.

ಹೆಂಡತಿ ಬಿಬಿಯಾನಾ ಇದ್ದಿದ್ದರೆ ಇದು ಒಂದು ಉಸಿರಿನ ಕೆಲಸ. ತನ್ನ ತಾಯಿಯ ಹೆಸರನ್ನು ಹೇಳಲು ಅವಳಿಗೇನು ಅಡ್ಡಿ. ಆದರೆ ಅವಳು ಮಗುವಿಗೆ ಚುಚ್ಚುಮದ್ದು ಹಾಕಿಸಿ, ತಾಯಿಯ ಕೆಮ್ಮಿಗೂ ಮಾತ್ರೆ ತರುತ್ತೇನೆಂದು ಮುಂಜಾನೆಯ ದೋಣಿಗೇ ಪಟ್ಟಣಕ್ಕೆ ಹೋಗಿದ್ದಳು. ಬರುವುದು ನಾಲ್ಕು ಗಂಟೆಯ ದೋಣಿಗೆ, ಕೌಪಾ ಹೊರಡುವ ಅದೇ ದೋಣಿಗೆ. ಅಷ್ಟರಲ್ಲಿ ಸಿಮೆಂಟು ಆರಿರುತ್ತದೆ.

ಮೇಷ್ಟರು ಶಾಲೆಗೆ ಬಂದು ಬಾಗಿಲು ಹಾಕಿಕೊಂಡು ಪೆನ್ಸಿಲ್ ಹಿಡಿದರು. ಯಾರೂ ನೋಡುವುದಿಲ್ಲ, ಬರೆದುಬಿಡೋಣ ಎಂದು ಮೊದಲ ಅಕ್ಷರದ ಮೊದಲ ಗೆರೆ ಎಳೆದರು. ಅತ್ತೆ ಹಿಂದೆಯೇ ನಿಂತು ಕೆಮ್ಮಿದ ಹಾಗೆ ಕೇಳಿಸಿತು. ಆ ಗೆರೆಗೆ ಎರಡು ಎಲೆ ಸೇರಿಸಿ ಅದನ್ನೂ ಹೂವು ಮಾಡಿದರು.

ಇನ್ನು ಉಳಿದದ್ದು ಹೆಸರು ಹೇಳಬಲ್ಲ ಬಾಯಿಯೊಂದನ್ನು ಹುಡುಕುವುದು. ಮೊದಲು ಸಿಕ್ಕವನು ಲೂಕಾಸ್. ಮೇಷ್ಟರು ವಿಷಯ ಹೇಳಿದರು. ಲೂಕಾಸನಿಗೆ ಕೇಳಿಸಿದ್ದು ಮೊಸಳೆ ಇಲ್ಲ ಎಂಬುದು ಮಾತ್ರ.

"ಹಂಗಾದ್ರೆ ನಮ್ಮ ತಾತ ಹಿಡಿದಿದ್ದು ಏನನ್ನ?" ಎಂದ.

ಅದು ತನಗೆ ತಿಳಿಯದು, ಸದ್ಯಕ್ಕೆ ಆ ಅಜ್ಜಿಯ ಹೆಸರನ್ನು ಕೌಪಾನ ಮುಂದೆ ಒಮ್ಮೆ ಹೇಳಿಬಿಡು ಎಂದು ಮೇಷ್ಟರು ಗೋಗರೆದರು. ಲೂಕಾಸ್ ಮದುವೆಯಾಗಿದ್ದುದು ಮೇಷ್ಟರ ಅತ್ತೆಯ ತಂಗಿಯನ್ನು. ಹೆಂಡತಿಯ ಅಕ್ಕನೂ ಅತ್ತೆಯ ಸಮಾನ, ಅವನಿಗೂ ಆ ಹೆಸರು ಹೇಳುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. ಯಾರಾದರೂ ಅಂದರೆ ಎದ್ದು ಹೋಗಬೇಕು. ಮೇಷ್ಟರು ಎಲ್ಲಿ ಅಂದುಬಿಡುತ್ತಾರೋ ಎಂದು ಅವನು ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಸರಿದವನು ಸುಮ್ಮನೆ ಹೋಗಲಿಲ್ಲ, ಮೇಷ್ಟ್ರು ಮೊಸಳೆ ತೆಗೆದುಹಾಕ್ತಾರಂತೆ ಎಂದು ಮನೆಮನೆಗೂ ಸಾರಿಕೊಂಡು ಹೋದ.

ಪ್ರಾರ್ಥನೆ ನಡೆಸುವ ಕಾಸ್ಪರನ ತಮ್ಮ ಆ ಮನೆಯ ಅಳಿಯ. ಅಂಗಡಿಯ ಒಟ್ಟೋನ ಸೊಸೆ ಆ ಮನೆಯವಳು. ಊರು ಸಣ್ಣದು, ಆ ಮನೆಯಲ್ಲಿ ಹೆಣ್ಣುಮಕ್ಕಳು ಧಾರಾಳ. ನಲವತ್ತು ಮನೆಗಳಲ್ಲಿ ಒಂದೋ ಆ ಮನೆಯಿಂದ ಹೆಣ್ಣು ತಂದವರು, ಇಲ್ಲವೇ ಅಲ್ಲಿಗೆ ಹೆಣ್ಣು ಕೊಟ್ಟವರು, ಬೀಗರಾದವರಿಗೆಲ್ಲ ಆ ಹೆಸರು ನಿಷಿದ್ಧ. ಹೇಳಬಲ್ಲ ಆ ಮನೆಯ ಹೆಣ್ಣುಮಕ್ಕಳೂ ಶಾಲೆಯ ಮಕ್ಕಳೂ ನಾಳೆಯ ಊಟಕ್ಕೆ ಗೆಡ್ಡೆ ಕೀಳಲು ದೂರದ ತೋಟಗಳಿಗೆ ಹೋಗಿದ್ದರು, ಬರುವುದು ಕತ್ತಲಾದ ಮೇಲೆ. ಪಾದ್ರಿ ಬರುವುದು ತಿಂಗಳಿಗೊಮ್ಮೆ, ನಾಮಕರಣದ ಪುಸ್ತಕದ ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲಿ. ಹೆಸರು ಹೇಳಲು ಯಾವ ಅಡ್ಡಿಯೂ ಇಲ್ಲದ ಒಬ್ಬಳೇ ಒಬ್ಬಳು ಊರಲ್ಲಿ ಉಳಿದಿದ್ದಳು, ತೊಂಬತ್ತು ದಾಟಿದ ಉರ್ಸುಲಾ ಮುದುಕಿ. ಮೇಷ್ಟರು ಅವಳ ಕಿವಿಯಲ್ಲಿ ಕೂಗಿ ಕೂಗಿ ಸೌತೆಕಾಯಿ ಮಾರುತ್ತಿದ್ದವರು ಯಾರು ಎಂದು ಕೇಳಿದರು. ಮುದುಕಿ ಬಹಳ ಹೊತ್ತು ಯೋಚಿಸಿ, ಸೌತೆಕಾಯಿ ಚೆನ್ನಾಗಿರುತ್ತಿತ್ತು ಎಂದಳು.

ಗಂಟೆ ಎರಡಾಯಿತು. ಕೌಪಾ ಸಿಮೆಂಟು ಕಲಸಿ ಕಲ್ಲಿನ ಮುಖಕ್ಕೆ ಬಳಿದು, ಕರಣೆಯಿಂದ ನಯ ಮಾಡಿ, ಮೊಳೆ ಹಿಡಿದು ಕೂತಿದ್ದ. ಬಿಸಿಲು ಚುರ್ರೆನ್ನುತ್ತಿತ್ತು.

"ಟೀಚರ್, ಬೇಗ ಹೆಸರು ಹೇಳಿ," ಎಂದ. "ಇನ್ನೊಂದು ಗಂಟೆ ಹೋದ್ರೆ ಇದ್ರ ಮೇಲೆ ದೇವರೂ ಬರೆಯಕ್ಕಾಗಲ್ಲ."

ಮೇಷ್ಟರು ಮನೆಗೆ ಓಡಿದರು. ಉಳಿದದ್ದು ಒಂದೇ ದಾರಿ, ಸಾಕ್ಷಾತ್ ಅತ್ತೆ.

ಅತ್ತೆ ಅಡುಗೆ ಮನೆಯ ಹೊಸ್ತಿಲಲ್ಲಿ ಕೂತು ಕೆಸುವಿನ ಗೆಡ್ಡೆ ಹೆರೆಯುತ್ತಿದ್ದರು. ಅಳಿಯನ ನೆರಳು ಕಂಡೊಡನೆ ಬೆನ್ನು ತಿರುಗಿಸಿದರು. ಮೇಷ್ಟರೂ ಬೆನ್ನು ತಿರುಗಿಸಿ ಅಂಗಳದ ತೆಂಗಿನ ಮರ ನೋಡುತ್ತಾ ನಿಂತರು. ಇಬ್ಬರ ನಡುವೆ ಬಿಸ್ಕತ್ತು ಎಂಬ ಕಂದು ನಾಯಿ ಮಲಗಿತ್ತು. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಅತ್ತೆ ಅಳಿಯ ಮಾತಾಡುತ್ತಿದ್ದುದು ಅದರ ಮೂಲಕ. ಎಂಟು ವರ್ಷದಿಂದ ಆ ಸಂಸಾರದ ಎಲ್ಲ ಗುಟ್ಟೂ ಆ ನಾಯಿಗೆ ಗೊತ್ತು.

"ಬಿಸ್ಕತ್ತು," ಎಂದರು ಮೇಷ್ಟರು, "ಯುದ್ಧದಲ್ಲಿ ದೋಣಿ ಎಣಿಸಿದ್ದು ತಾತ ಅಲ್ವಂತೆ. ತಾತನಿಗೆ ಹೆಣ್ಣು ಕೊಟ್ಟವರಂತೆ. ಅವರ ಹೆಸರೇ ಕಲ್ಲಿನ ಮೇಲೆ ಬರಬೇಕು ಅಂತ ತಾತನ ಆಸೆ. ಯಾರಾದ್ರೂ ದಾರಿ ತೋರಿಸಿದ್ರೆ ಪುಣ್ಯ ಬರುತ್ತೆ."

ಗೆಡ್ಡೆ ಹೆರೆಯುವ ಸದ್ದು ನಿಂತಿತು. ಮೇಷ್ಟರಿಗೆ ಹೆದರಿಕೆಯಾಯಿತು. ಅಪ್ಪನ ಪದಕವನ್ನು ಹಬ್ಬಕ್ಕೊಮ್ಮೆ ಬೂದಿ ಹಾಕಿ ಉಜ್ಜಿ ಹೊಳೆಸುತ್ತಿದ್ದವರು ಈ ಅತ್ತೆಯೇ.

"ನಾಯಿ," ಎಂದರು ಅತ್ತೆ, ದನಿ ಒದ್ದೆಯಾಗಿತ್ತು, "ನಮ್ಮಪ್ಪ ಪ್ರತಿ ವರ್ಷ ಯುದ್ಧದ ನೆನಪಿನ ಪೆರೇಡ್ ಮುಗಿಸ್ಕೊಂಡು ಅಜ್ಜಿ ಗೋರಿಗೆ ಸೌತೆಕಾಯಿ ಯಾಕೆ ತಗೊಂಡ್ಹೋಗ್ತಾರೆ ಅಂತ ಇವತ್ತು ಗೊತ್ತಾಯ್ತು. ನಾನು ಮುದುಕರ ಹುಚ್ಚು ಅಂದ್ಕೊಂಡಿದ್ದೆ."

ಆಮೇಲೆ ಅವರು ದಾರಿ ತೋರಿಸಿದರು. ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುವಷ್ಟು ನಾಚಿಕೆಗೆಟ್ಟವರು ಊರಲ್ಲಿ ಯಾರೂ ಇಲ್ಲ, ಅವರೂ ಹೇಳುವುದಿಲ್ಲ. ಆದರೆ ಒಳಗೆ ತೊಲೆಗೆ ತೂಗುಹಾಕಿದ ಅವರ ಬುಟ್ಟಿಯಲ್ಲಿ ಆಸ್ಪತ್ರೆಯ ಕಾರ್ಡು ಇದೆ. ಅದರ ಮೇಲೆ ನರ್ಸಮ್ಮ ಹೆಸರು ಬರೆದಿದ್ದಾರೆ. ಆ ಗಾರೆಯವನು ಹೊರಗಿನವನು, ಓದು ಬಲ್ಲವನು. ಬಂದು ನೋಡಿಕೊಂಡು ಹೋಗಲಿ.

ಮೇಷ್ಟರಿಗೆ ನಾಯಿಯನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಓಡಿಬಂದು ಕೌಪಾನಿಗೆ ಹೇಳಿದರು. ನಮ್ಮ ಮನೆಗೆ ಹೋಗು, ತೊಲೆಯ ಬುಟ್ಟಿಯಲ್ಲಿ ಒಂದು ಕಾರ್ಡಿದೆ, ಅದರ ಮೇಲೆ ಯಾವ ಹೆಸರಿದೆಯೋ ಅದನ್ನು ಹಾಗೇ ಬರೆ, ನನಗೆ ತೋರಿಸಬೇಡ, ನನ್ನೆದುರು ಓದಬೇಡ. ಕೌಪಾ ಹೂಂ ಎಂದು ಹೋದ. ಕರಾವಳಿಯವರ ರೀತಿಯೇ ಬೇರೆ ಎಂದು ಅವನಿಗೆ ಎರಡು ದಿನದಲ್ಲಿ ಮನದಟ್ಟಾಗಿತ್ತು.

ಅವನು ಬಂದು ಬರೆಯಲು ಕೂರುವುದಕ್ಕೂ ಲೂಕಾಸ್ ಇಪ್ಪತ್ತು ಜನರನ್ನು ಕಟ್ಟಿಕೊಂಡು ಬರುವುದಕ್ಕೂ ಸರಿಹೋಯಿತು. ಹೆಸರು ಯಾರದಾದರೂ ಇರಲಿ, ಮೊಸಳೆಯ ಒಂದು ಸಣ್ಣ ಚಿತ್ರವಾದರೂ ಬೇಕು ಎಂದು ಅವರ ಬೇಡಿಕೆ. ಮೇಷ್ಟರು ಕೈ ಅಗಲಿಸಿ ಅಡ್ಡ ನಿಂತರು. ಅಲ್ಲಿ ಬರೆಯುತ್ತಿರುವುದು ಯಾರ ಹೆಸರು ಎಂದು ಗೊತ್ತಲ್ಲ, ಬೇಕಿದ್ದವರು ತಿರುಗಿ ನೋಡಿ ಎಂದರು. ಈ ಮಾತಿಗೆ ಇಪ್ಪತ್ತು ಜನವೂ ತಟ್ಟನೆ ಕಲ್ಲಿಗೆ ಬೆನ್ನು ಹಾಕಿದರು. ಅಕ್ಷರ ಬಾರದವರೂ ಹಾಕಿದರು, ಯಾಕೆ ಸುಮ್ಮನೆ ಅಪಾಯ. ಕೋಸ್ಮಸ್ ತಾತ ಕೋಲೂರಿಕೊಂಡು ಬಂದು ಅವರ ಸಾಲಿನಲ್ಲೇ ನಿಂತ, ಅವನ ಬೆನ್ನೂ ಕಲ್ಲಿನ ಕಡೆಗೇ. ಹಿಂದುಗಡೆ ಮೊಳೆ ಕರಕರ ಎನ್ನುತ್ತಿತ್ತು. ತಾತ ಕಣ್ಣು ಮುಚ್ಚಿ ಒಂದೊಂದು ಅಕ್ಷರದ ಸದ್ದನ್ನೂ ಕೇಳುತ್ತಿದ್ದ, ಮುಖದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಮೇಷ್ಟರೂ ಕಣ್ಣೊರೆಸಿಕೊಂಡರು. ತಾವು ಹುಟ್ಟಿ ಮಾಡಿದ ಒಳ್ಳೆಯ ಕೆಲಸ ಇದೊಂದೇ ಎಂದು ಅವರಿಗೆ ಅನ್ನಿಸಿತು.

ಕೌಪಾ ಮುಗಿಸಿ ಕೈ ತೊಳೆದುಕೊಂಡ. ದೋಣಿ ಬಂತು. ಅವನು ಹತ್ತಿದ, ಬಿಬಿಯಾನಾ ಮಗುವನ್ನು ಎತ್ತಿಕೊಂಡು ಇಳಿದಳು. ದಡದಲ್ಲಿ ಊರೆಲ್ಲಾ ಸಮುದ್ರದ ಕಡೆ ಮುಖ ಮಾಡಿ ಸಾಲಾಗಿ ನಿಂತದ್ದನ್ನು ಕಂಡು ತನ್ನ ಸ್ವಾಗತಕ್ಕೇ ಇರಬೇಕೆಂದು ಒಂದು ಗಳಿಗೆ ಹಿಗ್ಗಿದಳು. ಮೇಷ್ಟರು ತಾತ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿ, ಹೆಮ್ಮೆಯಿಂದ ಹಿಂದಕ್ಕೆ ಬೆರಳು ತೋರಿಸಿ, ಹೋಗಿ ಓದು, ಜೋರಾಗಿ ಮಾತ್ರ ಓದಬೇಡ ಎಂದರು. ಅವಳು ಹೋಗಿ ಓದಿದಳು. ಓದಿ ಗಂಡನ ಬೆನ್ನನ್ನೇ ನೋಡಿದಳು.

"ಜೋರಾಗಿ ಓದಿದ್ರೂ ಏನೂ ಆಗಲ್ಲ," ಎಂದಳು. "ಇಲ್ಲಿ ಇರೋದು ಅಲೋಯಿಸ್ ಗಾರೊ ಅಂತ."

ಊರು ಒಮ್ಮೆಗೇ ತಿರುಗಿತು. ಕಲ್ಲಿನ ಮೇಲೆ ದುಂಡು ದುಂಡಾದ, ಕಣ್ಣಿಗೊತ್ತಿಕೊಳ್ಳುವಂಥ ಅಕ್ಷರಗಳಲ್ಲಿ ಮೇಷ್ಟರ ಹೆಸರಿತ್ತು. ಯುದ್ಧ ಮುಗಿದು ಹದಿನೈದು ವರ್ಷವಾದ ಮೇಲೆ ಹುಟ್ಟಿದ ಮೇಷ್ಟರ ಹೆಸರು. ಮೇಷ್ಟರು ಬೆರಳಿನಿಂದ ಮುಟ್ಟಿ ನೋಡಿದರು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕೌಪಾನ ದೋಣಿ ಆಗಲೇ ಒಂದು ಚುಕ್ಕೆಯಾಗಿತ್ತು.

ಮನೆಗೆ ಹೋಗಿ ನೋಡಿದ ಮೇಲೆ ವಿಷಯ ಬಿಡಿಸಿಕೊಂಡಿತು. ಕೆಮ್ಮಿನ ಮಾತ್ರೆಗೆ ಕಾರ್ಡು ಬೇಕಲ್ಲ, ಬಿಬಿಯಾನಾ ಮುಂಜಾನೆ ತಾಯಿಯ ಬುಟ್ಟಿಯಿಂದ ಅದನ್ನು ತೆಗೆದುಕೊಂಡು ಹೋಗಿದ್ದಳು. ಗೋಡೆಗೆ ಸಿಕ್ಕಿಸಿದ್ದ ಗಂಡನ ಮಲೇರಿಯಾ ಕಾರ್ಡನ್ನು ಇಲಿ ಕಡಿಯುತ್ತಿದ್ದುದು ಕಂಡು, ಭದ್ರವಾಗಿರಲಿ ಎಂದು ಅದನ್ನು ಅದೇ ಬುಟ್ಟಿಗೆ ಹಾಕಿದ್ದಳು. ಕೌಪಾ ಎರಡು ದಿನದಿಂದ ಟೀಚರ್ ಎಂಬ ಹೆಸರು ಬಿಟ್ಟರೆ ಬೇರೇನೂ ಕೇಳಿದವನಲ್ಲ. ಕಾರ್ಡಿನ ಮೇಲ್ಭಾಗವನ್ನು ಇಲಿ ತಿಂದಿತ್ತು, ಹೆಸರು ಮಾತ್ರ ಉಳಿದಿತ್ತು.

ಆದರೆ ಅದಕ್ಕೂ ಮೊದಲೇ ಕಲ್ಲಿನ ಹತ್ತಿರ ನ್ಯಾಯ ಮುಗಿದುಹೋಗಿತ್ತು.

"ಇದಾ ನಿಮ್ಮ ನಿಜ, ಮೇಷ್ಟ್ರೇ?" ಎಂದ ಲೂಕಾಸ್. "ನಮ್ಮ ಮೊಸಳೆ ತೆಗೆದು ನೀವು ಕೂತ್ರಾ?"

ಮೇಷ್ಟರು ಇದು ತಪ್ಪು, ಬರಬೇಕಾದ ಹೆಸರು ಬೇರೆ ಎಂದು ತಡವರಿಸಿದರು. ಯಾವುದು, ಹೇಳಿ ಎಂದಿತು ಊರು. ಮೇಷ್ಟರು ಬಾಯಿ ತೆರೆದರು, ತಲೆ ತಗ್ಗಿಸಿದರು. ಹೇಳಲಾಗದು ಎಂದರು. ಅವರಿಗೇ ಆ ಮಾತು ಎಲ್ಲೋ ಕೇಳಿದ ಹಾಗೆ ಅನ್ನಿಸಿತು.

ಗಂಡನ ಪಾಡು ನೋಡಲಾರದೆ ಬಿಬಿಯಾನಾ ಮುಂದೆ ಬಂದಳು. ಮುತ್ತಜ್ಜಿಯ ಹೆಸರನ್ನು ಕಡಲಿನಾಚೆಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು, ಸೌತೆಕಾಯಿ ಕತೆಯನ್ನೂ ಹೇಳಿದಳು. ಹೇಳಿ ತಲೆ ಎತ್ತಿ ನೋಡಿದರೆ ಎದುರಿಗೆ ಯಾರೂ ಇರಲಿಲ್ಲ. ಹೆಸರು ಕಿವಿಗೆ ಬಿದ್ದೊಡನೆ ಲೂಕಾಸ್ ಕೆಮ್ಮುತ್ತಾ ಹೋಗಿದ್ದ, ಕಾಸ್ಪರ್ ಶಿಲುಬೆ ಗುರುತು ಹಾಕಿಕೊಂಡು ಹೋಗಿದ್ದ, ಒಟ್ಟೋ ಅಂಗಡಿ ನೆನಪಾಗಿ ಓಡಿದ್ದ. ಕೋಸ್ಮಸ್ ತಾತ ಮರದ ಮರೆಗೆ ಸರಿದಿದ್ದ. ಮೇಷ್ಟರು ಸ್ವತಃ ಕಿವಿ ಮುಚ್ಚಿಕೊಂಡು ಶಾಲೆಯ ಹಿಂದೆ ನಿಂತಿದ್ದರು. ಪೂರ್ತಿ ಕೇಳಿದ್ದು ಬಿಸ್ಕತ್ತು ಮಾತ್ರ. ಕೊನೆಯ ಸಾಲು ಕಿವಿಗೆ ಬಿದ್ದ ಒಬ್ಬಿಬ್ಬರು ಕೂಡ, ಹೆಂಡತಿ ಗಂಡನ ಪರ ಮಾತಾಡದೆ ಇನ್ನೇನು ಮಾಡುತ್ತಾಳೆ ಎಂದರು.

ನಾಳೆ ಅತಿಥಿಗಳು ಬರುತ್ತಾರೆ, ಅವರ ಮುಂದೆ ಜಗಳ ಬೇಡ, ಊರಿನ ಮರ್ಯಾದೆ ಎಂದು ಲೂಕಾಸನೇ ಸಂಜೆ ಒಂದು ತೀರ್ಮಾನ ಕೊಟ್ಟ. ಮೇಷ್ಟರ ತಾತನಿಗೂ ಅಲೋಯಿಸ್ ಎಂದೇ ಹೆಸರಿತ್ತು ಎಂದು ಹೇಳಿದರಾಯಿತು. ನಿಜಕ್ಕೂ ಮೇಷ್ಟರ ತಾತನ ಹೆಸರು ಬೇರೆ. ಆತ ಮೊದಲ ವಿಮಾನದ ಸದ್ದಿಗೇ ಕಾಡು ಹೊಕ್ಕು ಯುದ್ಧ ಮುಗಿದ ಮರುವರ್ಷ ಹೊರಗೆ ಬಂದವನು. ಅದು ಊರಿಗೆಲ್ಲಾ ಗೊತ್ತು. ಆದರೂ ಕತ್ತಲಾಗುವುದರೊಳಗೆ ಆತ ಪಪ್ಪಾಯಿ ದಂಟು ಕಚ್ಚಿ ನೀರಿಗಿಳಿದಿದ್ದ. ಮೊಸಳೆಯೂ ತನ್ನ ಜಾಗಕ್ಕೆ ಮರಳಿತು, ಬಾಲ ಹಿಡಿದವನು ಬದಲಾಗಲಿಲ್ಲ.

ಮೇಷ್ಟರು ಕಲ್ಲಿನ ಬುಡದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಕೋಸ್ಮಸ್ ತಾತ ಬಂದು ಪಕ್ಕದಲ್ಲಿ ಕೂತ. ಮೊದಲು ತಾತನ ಹೊಟ್ಟೆ ಅಲುಗಿತು, ಆಮೇಲೆ ಹೆಗಲು. ಕೊನೆಗೆ ಹಲ್ಲಿಲ್ಲದ ಕೆಂಪು ಬಾಯಿ ತೆರೆದು ಕೆಮ್ಮು ಬರುವವರೆಗೆ ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಮೇಷ್ಟರ ಬೆನ್ನ ಮೇಲೆ ಕೈ ಇಟ್ಟ.

"ತಪ್ಪಾಯ್ತು ತಾತ," ಎಂದರು ಮೇಷ್ಟರು. "ಮಾತು ಕೊಟ್ಟಿದ್ದೆ."

"ಇಷ್ಟು ವರ್ಷ ನಾನೂ ಇದನ್ನೇ ಅಂತಿದ್ದೆ ಅವರ ಗೋರಿ ಮುಂದೆ," ಎಂದ ತಾತ. "ಅಳ್ಬೇಡ. ನಾಳೆ ಹಾರ ಹಾಕ್ತಾರೆ. ನೀನು ತಲೆ ತಗ್ಗಿಸಿ ನಿಂತ್ಕೋ, ಎಷ್ಟು ವಿನಯ ಅಂತಾರೆ. ಎಲ್ಲ ಮುಗಿದ ಮೇಲೆ ಎರಡು ಸೌತೆಕಾಯಿ ತಗೊಂಡು ಗೋರಿ ಹತ್ರ ಹೋಗು. ಎಳೇದು ನೋಡಿ ತಗೋ. ಮುಖ ಆ ಕಡೆ ತಿರುಗಿಸಿ ಇಟ್ಬಿಟ್ಟು ಬಾ. ಅವರಿಗೆ ಅರ್ಥ ಆಗುತ್ತೆ."

ಸೊಂಟದ ಬಟ್ಟೆಯ ಗಂಟಿನಿಂದ ತನ್ನ ಪದಕವನ್ನು ಬಿಚ್ಚಿ, ಇದಿನ್ನು ನಿನ್ನ ಪಾಲಿನದು ಎಂದು ಮೇಷ್ಟರ ಅಂಗೈಯಲ್ಲಿಟ್ಟು ಕೈ ಮುಚ್ಚಿದ. ಎದ್ದು ಹೊರಟಾಗ ತಾತನ ನಡಿಗೆ ಹಗುರವಾಗಿತ್ತು. ಐವತ್ತು ವರ್ಷದ ಹೊರೆ ಇಳಿದವನ ನಡಿಗೆ. ಅದನ್ನು ನೋಡಿ ಮೇಷ್ಟರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಮನೆಗೆ ಬಂದರೆ ಅಂಗಳದಲ್ಲಿ ಅವರ ಊಟದೆಲೆ ಇತ್ತು. ಎಂದೂ ಒಂದೇ ಮೀನು ಇರುತ್ತಿದ್ದ ಎಲೆಯಲ್ಲಿ ಎರಡು ಮೀನು. ಹೊಸ್ತಿಲ ಕಡೆಯಿಂದ, ಗೋಡೆಗೆ ಮುಖ ಮಾಡಿ, ಅತ್ತೆ ನಾಯಿಗೆ ಹೇಳುತ್ತಿದ್ದರು:

"ಬಿಸ್ಕತ್ತು, ಎರಡೂ ಅವರಿಗೇ ಅಂತ ಹೇಳು. ನಮ್ಮಪ್ಪಂಗೂ ಪದಕ ಬಂದ ದಿನ ಅಜ್ಜಿ ಹೀಗೇ ಬಡಿಸಿರ್ಬೇಕು."

ಮರುದಿನ ಹಾರ ಬಿತ್ತು. ಪ್ರತಿ ವರ್ಷವೂ ಬೀಳುತ್ತಿದೆ. ಕಚೇರಿಗೆ ಕೊಡಬೇಕಾದ ಆ ಹಾಳೆಯ ಬಲಗಡೆ ಮೇಷ್ಟರು ಬಹಳ ಯೋಚಿಸಿ ಒಂದು ಹೂವಿನ ಚಿತ್ರ ಬರೆದು ಕಳುಹಿಸಿದರು. ಅದು ಏನೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದರೆ ಆ ಹೆಂಗಸಿನ ಹೆಸರೇನು ಎಂದು ನೀವು ಕೇಳಿಯೇ ಕೇಳುತ್ತೀರಿ. ಕೇಳುವುದು ನ್ಯಾಯವೇ. ಇಲ್ಲಿಯಾದರೂ ಅದು ಬರಲಿ ಎಂದು ನನಗೂ ಬಹಳ ಆಸೆಯಿತ್ತು. ಏನು ಮಾಡಲಿ, ನಾನು ಮದುವೆಯಾಗಿರುವುದೂ ಆ ಮನೆಯ ಹುಡುಗಿಯನ್ನೇ.